ಅಳಿಸಿಹೋದ ಫೈಲ್‌ಗಳು, ತಪ್ಪು ಸಲಹೆ: ನೆಟ್‌ವರ್ಕ್ ಡ್ರೈವ್ ತಯಾರಕರಿಗೆ ಒಂದು ದೂರು ಪತ್ರ

ಇವರಿಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ಎರಡು ಡಿಸ್ಕ್‌ಗಳ ನೆಟ್‌ವರ್ಕ್ ಡ್ರೈವ್‌ನಲ್ಲಿದ್ದ ಫೈಲ್‌ಗಳನ್ನು ನಿಮ್ಮ ಆ್ಯಪ್ ಅಳಿಸಿದ್ದು ಮತ್ತು ನಿಮ್ಮ ಸಹಾಯ ವಿಭಾಗದ ಸಲಹೆಯಿಂದ ಅವು ಮರಳಿ ಸಿಗದಂತಾದದ್ದು.

ಮಾನ್ಯರೇ,

ನಿಮ್ಮ ಸಂಸ್ಥೆಯ ನೆಟ್‌ವರ್ಕ್ ಡ್ರೈವ್ ಅನ್ನು, ಅಂದರೆ ಮನೆಯ ಫೋನು, ಕಂಪ್ಯೂಟರುಗಳೆಲ್ಲ ನೆಟ್‌ವರ್ಕ್ ಮೂಲಕ ಫೈಲ್ ಇಡುವ ಸಾಧನವನ್ನು, ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಮನೆಯವರೆಲ್ಲರ ಫೋಟೋಗಳು, ದಾಖಲೆಗಳು ಮತ್ತು ತೀರಿಹೋದ ನನ್ನ ತಂದೆಯವರ ಡೈರಿಗಳನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿಟ್ಟ ಪುಟಗಳು ಅದರಲ್ಲಿದ್ದವು. ಕಳೆದ ತಿಂಗಳು ನಿಮ್ಮ ಮೊಬೈಲ್ ಆ್ಯಪ್ ಫೋಟೋಗಳನ್ನೂ ಡೈರಿಯ ಪುಟಗಳನ್ನೂ ಅಳಿಸಿಹಾಕಿತು. ಅದು ಮೊದಲ ದೂರು. ಅಳಿಸಿದ ಮೇಲೂ ಡಿಸ್ಕ್‌ನಲ್ಲಿ ಉಳಿದಿದ್ದ ದತ್ತಾಂಶದ ಮೇಲೆ ಬೇರೆ ದತ್ತಾಂಶ ಬರೆಯುವಂತೆ ಮಾಡಿದ್ದು ನಿಮ್ಮ ಸಹಾಯ ವಿಭಾಗ. ಇದು ಎರಡನೆಯದು, ಮೊದಲನೆಯದಕ್ಕಿಂತ ಗಂಭೀರವಾದದ್ದು.

ನಡೆದದ್ದು ಇಷ್ಟು. ಫೋನಿನಲ್ಲಿ ಜಾಗ ಕಡಿಮೆಯಾಗಿದೆ, ಈಗಾಗಲೇ ಡ್ರೈವ್ ಸೇರಿರುವ ಚಿತ್ರಗಳನ್ನು ಫೋನಿನಿಂದ ತೆಗೆಯಬಹುದು ಎಂದು ನಿಮ್ಮ ಆ್ಯಪ್ ತಾನಾಗಿ ಸೂಚನೆ ಕೊಟ್ಟಿತು. ಒಪ್ಪಿಗೆ ಕೊಟ್ಟೆವು. ಆದರೆ ಅದೇ ಆ್ಯಪ್, ಫೋನಿನಲ್ಲಿ ಆದ ಬದಲಾವಣೆ ಡ್ರೈವ್‌ನಲ್ಲಿಯೂ ಡ್ರೈವ್‌ನಲ್ಲಿ ಆದದ್ದು ಫೋನಿನಲ್ಲಿಯೂ ಆಗುವಂತೆ ಮೊದಲ ದಿನವೇ ತನ್ನನ್ನು ಹೊಂದಿಸಿಕೊಂಡಿತ್ತು. ಫೋನಿನಿಂದ ತಾನೇ ತೆಗೆದ ಫೈಲ್‌ಗಳನ್ನು ನಾವು ಅಳಿಸಿದ್ದೇವೆಂದು ಲೆಕ್ಕಹಾಕಿ, ಡ್ರೈವ್‌ನಲ್ಲಿದ್ದ ಪ್ರತಿಗಳನ್ನೂ ಅಳಿಸಿತು. ಈ ವ್ಯವಸ್ಥೆಯನ್ನು ನಿಮ್ಮ ಪರದೆಯ ಮೇಲೆ ಫೋಟೋ ಬ್ಯಾಕಪ್ ಎಂದು ತೋರಿಸುತ್ತೀರಿ. ಒಂದು ಕಡೆ ಹೋದದ್ದು ಇನ್ನೊಂದು ಕಡೆಯೂ ಹೋಗುವುದಾದರೆ ಅದು ಬ್ಯಾಕಪ್ ಆಗಲಾರದು. ಇದು ಬಳಕೆದಾರರ ಆಯ್ಕೆಯಿಂದ ಆದದ್ದು ಎಂದು ನಿಮ್ಮ ಮೊದಲ ಇಮೇಲ್‌ನಲ್ಲಿ ಬರೆದಿದ್ದೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಸಾಧನದಲ್ಲಿ ಎರಡು ಡಿಸ್ಕ್‌ಗಳಿರುವುದನ್ನೂ ಅದೇ ಇಮೇಲ್‌ನಲ್ಲಿ ಒತ್ತಿ ಹೇಳಿದ್ದೀರಿ. ಎರಡೂ ಡಿಸ್ಕ್‌ಗಳಲ್ಲಿ ಒಂದೇ ದತ್ತಾಂಶ ಬರೆಯುವ ಈ ರೇಡ್ 1 ವ್ಯವಸ್ಥೆ ಇರುವುದು ಒಂದು ಡಿಸ್ಕ್ ಕೆಟ್ಟಾಗ ಇನ್ನೊಂದರಿಂದ ಕೆಲಸ ಮುಂದುವರಿಯಲಿ ಎಂದು. ಅಳಿಸುವ ಆದೇಶ ಬಂದರೆ ಅದು ಎರಡರ ಮೇಲೂ ಏಕಕಾಲಕ್ಕೆ ಜಾರಿಯಾಗುತ್ತದೆ. ಆ ಎರಡನೇ ಡಿಸ್ಕ್‌ನಿಂದ ನನಗೆ ಯಾವ ಪ್ರಯೋಜನವೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ.

ರಿಸೈಕಲ್ ಬಿನ್‌ನ ವಿಷಯವೂ ಹೀಗೆಯೇ. ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ ಫೈಲ್ ಕಂಪ್ಯೂಟರಿನ ರಿಸೈಕಲ್ ಬಿನ್‌ಗೆ ಬರುವುದಿಲ್ಲ. ಆ ಸೌಲಭ್ಯವನ್ನು ಡ್ರೈವ್ ತಾನೇ ಒದಗಿಸಬೇಕು. ಫೈಲ್ ಹಂಚಿಕೆಗೆ ನಿಮ್ಮ ಸಾಧನ ಬಳಸುವ ಸಾಂಬಾ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಮಾಡ್ಯೂಲ್ ಇದೆ, ಮತ್ತು ನಾವು ಕಂಪ್ಯೂಟರಿನಿಂದ ಬಳಸುವ ಫೋಲ್ಡರ್‌ಗಳಿಗೆ ಅದು ಚಾಲ್ತಿಯಲ್ಲಿಯೂ ಇತ್ತು. ಆದರೆ ಆ್ಯಪ್ ಅಳಿಸುವಾಗ ಸಾಂಬಾದ ಮೂಲಕ ಹೋಗುವುದಿಲ್ಲ, ನೇರವಾಗಿ ಅಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಫೈಲ್ ಅಳಿಸುವ ಅಧಿಕಾರವನ್ನು ಯಾವ ಆ್ಯಪ್‌ಗೆ ಕೊಟ್ಟಿದ್ದೀರೋ ಅದಕ್ಕೇ ರಿಸೈಕಲ್ ಬಿನ್ ಇಲ್ಲ.

ಇನ್ನು ಸಹಾಯ ವಿಭಾಗಕ್ಕೆ ಬರುತ್ತೇನೆ. ಫೈಲ್‌ಗಳು ಕಾಣದಿದ್ದಾಗ ತಕ್ಷಣವೇ ಕರೆ ಮಾಡಿ, ಡ್ರೈವ್ ಆಫ್ ಮಾಡಬೇಕೇ ಎಂದು ಎಲ್ಲಕ್ಕಿಂತ ಮೊದಲು ಕೇಳಿದೆ. ಬೇಡ, ಆನ್ ಆಗಿಯೇ ಇರಲಿ ಎಂಬ ಉತ್ತರ ಬಂತು. ಫೈಲ್‌ಗಳು ಎಲ್ಲಿಯೂ ಹೋಗಿಲ್ಲ, ಅವುಗಳ ಪಟ್ಟಿ ಮಾತ್ರ ಕೆಟ್ಟಿರುತ್ತದೆ ಎಂದು ಭರವಸೆ ಕೊಟ್ಟು, ಮೊದಲು ಸಾಧನದ ಒಳತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡಿಸಿದರು. ಆಮೇಲೆ ಆ ಪಟ್ಟಿಯನ್ನು, ಅಂದರೆ ಫೋಟೋ ಇಂಡೆಕ್ಸ್ ಅನ್ನು, ಮೊದಲಿನಿಂದ ಕಟ್ಟುವ ಆಯ್ಕೆಯನ್ನು ಒತ್ತಿಸಿದರು. ಬೆಳಗಿನವರೆಗೂ ಡಿಸ್ಕ್ ಸದ್ದು ನಿಲ್ಲಲಿಲ್ಲ. ಉಳಿದಿದ್ದ ಸಾವಿರಾರು ಚಿತ್ರಗಳಿಗೆ ಸಾಧನ ಹೊಸದಾಗಿ ಥಂಬ್‌ನೇಲ್ ಎಂಬ ಪುಟ್ಟ ಮಾದರಿ ಚಿತ್ರಗಳನ್ನು ತಯಾರಿಸಿ ಅದೇ ಡಿಸ್ಕ್‌ಗೆ ಬರೆಯುತ್ತಿತ್ತು.

ಇದು ಏಕೆ ಅಕ್ಷಮ್ಯ ಎಂಬುದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಸಿಬ್ಬಂದಿಗೆ ಇದನ್ನು ಯಾರೂ ಕಲಿಸಿದಂತೆ ಕಾಣಲಿಲ್ಲ. ನಿಮ್ಮ ಸಾಧನದ ಫೈಲ್ ವ್ಯವಸ್ಥೆ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಧಾನ, ಇಎಕ್ಸ್‌ಟಿ4. ಅದರಲ್ಲಿ ಫೈಲ್ ಅಳಿಸಿದಾಗ ಅದರ ಒಳವಸ್ತು ಆ ಕ್ಷಣಕ್ಕೆ ನಾಶವಾಗುವುದಿಲ್ಲ. ಅದು ಡಿಸ್ಕ್‌ನ ಯಾವ ಬ್ಲಾಕ್‌ಗಳಲ್ಲಿ, ಅಂದರೆ ಯಾವ ಸಣ್ಣ ಜಾಗಗಳಲ್ಲಿ, ಇದೆ ಎಂದು ಹೇಳುವ ಮಾಹಿತಿ ಐನೋಡ್ ಎಂಬ ದಾಖಲೆಯಿಂದ ಅಳಿಯುತ್ತದೆ, ಬ್ಲಾಕ್‌ಗಳು ಖಾಲಿ ಎಂದು ಗುರುತಾಗುತ್ತವೆ. ಆ ಐನೋಡ್‌ನ ಒಂದು ಹಳೆಯ ಪ್ರತಿ, ಬದಲಾವಣೆಗಳನ್ನು ಬರೆದಿಡುವ ಜರ್ನಲ್ ಎಂಬ ಜಾಗದಲ್ಲಿ ಕೆಲಕಾಲ ಉಳಿದಿರುವ ಸಾಧ್ಯತೆ ಇದೆ. ಸಿಕ್ಕಿದರೆ ಫೈಲ್‌ನ ಹೆಸರನ್ನೂ ಫೋಲ್ಡರನ್ನೂ ಸಮೇತ ಹಿಂದಕ್ಕೆ ತರಲು ದಾರಿಯಿರುತ್ತದೆ. ಆದರೆ ಜರ್ನಲ್‌ನ ಗಾತ್ರ ಸೀಮಿತ, ಅದು ಸುತ್ತಿ ಬಂದು ತನ್ನ ಮೇಲೆಯೇ ಬರೆದುಕೊಳ್ಳುತ್ತದೆ. ಡಿಸ್ಕ್‌ಗೆ ಆಮೇಲೆ ಬರೆಯುವ ಪ್ರತಿಯೊಂದೂ ಎರಡು ನಷ್ಟ ತರಬಹುದು: ಜರ್ನಲ್‌ನಲ್ಲಿದ್ದ ಹಳೆಯ ಪ್ರತಿ ಅಳಿಯಬಹುದು, ಖಾಲಿ ಎಂದು ಗುರುತಾದ ಬ್ಲಾಕ್‌ಗಳು ತುಂಬಬಹುದು. ಹಾಗಾಗಿ ಫೈಲ್ ಅಳಿಸಿಹೋಯಿತು ಎಂದು ಕರೆ ಮಾಡಿದವರಿಗೆ ಹೇಳಬೇಕಾದ ಮೊದಲ ಮಾತು ಒಂದೇ. ಸಾಧನವನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಡಿಸ್ಕ್‌ಗೆ ಏನೂ ಬರೆಯಲು ಬಿಡಬೇಡಿ. ನಿಮ್ಮವರು ಹೇಳಿದ್ದು ಅದಕ್ಕೆ ಸಂಪೂರ್ಣ ವಿರುದ್ಧವಾದದ್ದು.

ಮರುದಿನ ಡಿಸ್ಕ್‌ಗಳನ್ನು ಕಳಚಿ ದತ್ತಾಂಶ ಮರುಪಡೆಯುವ ತಂತ್ರಜ್ಞರೊಬ್ಬರಿಗೆ ಒಪ್ಪಿಸಿದೆ. ಅವರು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಇಡೀ ಡಿಸ್ಕ್‌ನ ಯಥಾಪ್ರತಿ ತೆಗೆದುಕೊಂಡು, ಮೂಲವನ್ನು ಬದಿಗಿಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿದರು. ಜರ್ನಲ್‌ನಲ್ಲಿ ಉಪಯೋಗಕ್ಕೆ ಬರುವಂಥದ್ದು ಏನೂ ಉಳಿದಿರಲಿಲ್ಲ. ಉಳಿದದ್ದು ಫೋಟೋರೆಕ್ ಎಂಬ ಮರುಪಡೆಯುವ ತಂತ್ರಾಂಶದ ದಾರಿ. ಅದು ಹೆಸರನ್ನು ನೋಡುವುದಿಲ್ಲ; ಜೆಪೆಗ್ ಚಿತ್ರ ಫೈಲ್‌ಗಳ ಆರಂಭದಲ್ಲಿ ಇರುವ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಗುರುತನ್ನು ಡಿಸ್ಕ್‌ನ ಉದ್ದಕ್ಕೂ ಹುಡುಕಿ, ಸಿಕ್ಕಿದ್ದಕ್ಕೆ ಅದು ಡಿಸ್ಕ್‌ನಲ್ಲಿದ್ದ ಜಾಗದ, ಅಂದರೆ ಸೆಕ್ಟರ್‌ನ, ಸಂಖ್ಯೆಯ ಆಧಾರದ ಮೇಲೆ ಹೆಸರು ಕೊಡುತ್ತದೆ.

ಹಾಗೆ ಸಿಕ್ಕಿದ ತಂದೆಯವರ ಡೈರಿ ಈಗ ಸಂಖ್ಯೆಗಳ ಒಂದು ರಾಶಿಯಾಗಿದೆ. ಅವರು ದಿನಾಂಕವನ್ನು ಹೊಸ ಬರಹ ಆರಂಭವಾಗುವ ಪುಟದ ಮೇಲ್ತುದಿಯಲ್ಲಿ ಮಾತ್ರ ಬರೆಯುತ್ತಿದ್ದರು. ಮುಂದಿನ ಪುಟಗಳಿಗೆ ಹರಿದ ಬರಹ ಯಾವ ದಿನದ್ದು ಎಂಬುದನ್ನು ಶಾಯಿಯ ಬಣ್ಣ ಮತ್ತು ಅರ್ಧಕ್ಕೆ ನಿಂತ ವಾಕ್ಯ ನೋಡಿ ಹೊಂದಿಸುತ್ತಾ ಕುಳಿತಿದ್ದೇನೆ. ಅನೇಕ ಪುಟಗಳು ಮೇಲಿನ ಕೆಲವು ಸಾಲುಗಳವರೆಗೆ ಚೆನ್ನಾಗಿದ್ದು, ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಪುಟ ತುಂಡಾದ ಜಾಗದ ಬ್ಲಾಕ್‌ಗಳಲ್ಲಿ ಈಗ ಯಾವ ಫೈಲ್ ಇದೆ ಎಂದು ತಂತ್ರಜ್ಞರು ಹುಡುಕಿ ತೋರಿಸಿದರು. ಥಂಬ್‌ನೇಲ್‌ಗಳು. ಅವುಗಳ ಸಮಯ ನಿಮ್ಮ ಸಿಬ್ಬಂದಿಯ ಕರೆಯ ನಂತರದ್ದು. ಮೂಲ ಡೈರಿಗಳ ಕಾಗದ ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿದೆ. ಅವನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಲು ಸಾಧ್ಯವಿಲ್ಲ.

ಡ್ರೈವ್‌ಗೆ ಜೋಡಿಸಿದ್ದ ಯುಎಸ್‌ಬಿ ಡಿಸ್ಕ್ ಒಂದಿತ್ತು. ನಿಮ್ಮ ಬ್ಯಾಕಪ್ ವ್ಯವಸ್ಥೆ ಪ್ರತಿ ರಾತ್ರಿ ಫೋಟೋಗಳನ್ನು ಅದಕ್ಕೆ ನಕಲು ಮಾಡುತ್ತಿತ್ತು. ಮೂಲದಲ್ಲಿ ಇಲ್ಲದ ಫೈಲ್‌ಗಳನ್ನು ನಕಲಿನಿಂದಲೂ ತೆಗೆಯುವ ಆಯ್ಕೆಯನ್ನು ನೀವೇ ಮೊದಲೇ ಗುರುತು ಹಾಕಿ ಕೊಟ್ಟಿದ್ದರಿಂದ, ಆ ರಾತ್ರಿಯೇ ಅಲ್ಲಿಂದಲೂ ಫೋಟೋಗಳು ಹೋದವು. ಸ್ಕ್ಯಾನ್‌ಗಳಿಗೆಂದು ಆ್ಯಪ್ ಆಮೇಲೆ ಮಾಡಿದ ಫೋಲ್ಡರ್ ಈ ನಕಲಿನಲ್ಲಿ ಸೇರಿಯೇ ಇರಲಿಲ್ಲ, ಸೇರಿಲ್ಲ ಎಂಬ ಎಚ್ಚರಿಕೆಯೂ ಎಲ್ಲಿಯೂ ಕಾಣಲಿಲ್ಲ. ಬೆಳಿಗ್ಗೆ ಆ ಯುಎಸ್‌ಬಿ ಡಿಸ್ಕ್ ಅನ್ನು ನಾನೇ ಕಳಚಿಟ್ಟೆ. ಅದು ಎಕ್ಸ್‌ಫ್ಯಾಟ್ ಎಂಬ ಬೇರೆ ಫೈಲ್ ವ್ಯವಸ್ಥೆಯದ್ದು. ಅಲ್ಲಿ ಅಳಿಸಿದ ಫೈಲ್‌ನ ಹೆಸರು, ಗಾತ್ರ, ಆರಂಭದ ಜಾಗ ಎಲ್ಲವೂ ಇನ್ನೊಂದು ಫೈಲ್ ಬಂದು ಕೂರುವವರೆಗೆ ಹಾಗೆಯೇ ಇರುತ್ತವೆ. ಬಹುತೇಕ ಫೋಟೋಗಳು ಹೆಸರು ಸಮೇತ ಮರಳಿದವು. ಹೆಸರುಗಳು ಉಳಿದದ್ದಕ್ಕೆ ಫೈಲ್ ವ್ಯವಸ್ಥೆಯ ಭೇದ ಕಾರಣವಿರಬಹುದು, ಅದನ್ನು ಒಪ್ಪುತ್ತೇನೆ. ಆದರೆ ಕಳಚಿಟ್ಟ ಮೇಲೆ ಏನೂ ಬರೆಯದ ಆ ಡಿಸ್ಕ್‌ನಲ್ಲಿ ಅರ್ಧ ಬೂದಾದ ಒಂದು ಚಿತ್ರವೂ ಇಲ್ಲ.

ನಿಮ್ಮ ಕೈಪಿಡಿಯಲ್ಲಿ ಡಿಸ್ಕ್ ಕೂರಿಸುವುದಕ್ಕೆ ಪುಟಗಟ್ಟಲೆ ಚಿತ್ರಗಳಿವೆ, ಬ್ಯಾಕಪ್‌ಗೆ ಒಂದು ಪ್ಯಾರಾ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ 3-2-1 ನಿಯಮವನ್ನೂ ಅದು ಹೇಳುವುದಿಲ್ಲ. ನನ್ನ ಅನುಭವದ ನಂತರ ಆ ನಿಯಮವೂ ಸಾಲದು ಎನ್ನುತ್ತೇನೆ. ಒಂದೇ ಆದೇಶಕ್ಕೆ ಎಲ್ಲ ಪ್ರತಿಗಳೂ ಅಳಿಯುವಂತಿದ್ದರೆ ಅವು ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಈಗ ನಮ್ಮ ಮನೆಯಲ್ಲಿ ಫೋನಿನಿಂದ ಡ್ರೈವ್‌ಗೆ ಏಕಮುಖ ನಕಲು ಮಾತ್ರ. ಎರಡು ಹೊರ ಡಿಸ್ಕ್‌ಗಳು ಸರದಿಯಲ್ಲಿ ಜೋಡಣೆಯಾಗುತ್ತವೆ, ಕೆಲಸ ಮುಗಿದ ಕೂಡಲೇ ಕಳಚುತ್ತೇವೆ, ಒಂದು ಯಾವಾಗಲೂ ಬೇರೆ ಮನೆಯಲ್ಲಿರುತ್ತದೆ. ಹಳೆಯ ಆವೃತ್ತಿಗಳು ಉಳಿಯುವಂತೆ ಮಾಡಿದ್ದೇವೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರ್ ಅನ್ನು ಬ್ಯಾಕಪ್‌ನಿಂದ ಹೊರತೆಗೆದು ತೆರೆದು ನೋಡುತ್ತೇವೆ. ಫೈಲ್‌ಗಳ ಒಂದು ಕ್ಷಣದ ಸ್ಥಿತಿಯನ್ನು ಹಾಗೆಯೇ ಹಿಡಿದಿಡುವ ಸ್ನ್ಯಾಪ್‌ಶಾಟ್ ಬೇಕಿತ್ತು, ಬಿಟಿಆರ್‌ಎಫ್‌ಎಸ್ ಅಥವಾ ಜಡ್‌ಎಫ್‌ಎಸ್ ಫೈಲ್ ವ್ಯವಸ್ಥೆ ಇರುವ ಸಾಧನಗಳಲ್ಲಿ ಅದು ಸಿಗುತ್ತದೆ, ನಿಮ್ಮ ಈ ಮಾದರಿಯಲ್ಲಿ ಇಲ್ಲ. ಇಷ್ಟನ್ನು ಖರೀದಿಯ ದಿನವೇ ನೀವು ಹೇಳಬೇಕಿತ್ತು.

ನನ್ನ ಬೇಡಿಕೆಗಳು ಇವು. ಸಹಾಯ ವಿಭಾಗದ ಸಲಹೆ ತಪ್ಪಾಗಿತ್ತು ಎಂದು ಲಿಖಿತವಾಗಿ ಒಪ್ಪಿಕೊಳ್ಳಬೇಕು ಮತ್ತು ಲಗತ್ತಿಸಿರುವ ತಂತ್ರಜ್ಞರ ಬಿಲ್ಲಿನ ಪೂರ್ತಿ ಮೊತ್ತವನ್ನು ಭರಿಸಬೇಕು. ನನ್ನ ಕರೆಯ ಧ್ವನಿಮುದ್ರಣ ಮತ್ತು ದೂರಿನ ಕಡತವನ್ನು ಅಳಿಸದೆ ಕಾಯ್ದಿರಿಸಿ, ಒಂದು ಪ್ರತಿಯನ್ನು ನನಗೆ ಕಳುಹಿಸಬೇಕು. ಅಳಿಸಿಹೋದ ಫೈಲ್‌ಗಳ ಬಗ್ಗೆ ಕರೆ ಬಂದಾಗ ಸಾಧನ ನಿಲ್ಲಿಸುವಂತೆ ಹೇಳುವುದನ್ನು ಸಿಬ್ಬಂದಿಯ ಮಾರ್ಗಸೂಚಿಯ ಮೊದಲ ಸಾಲಾಗಿಸಬೇಕು. ಮುಂದಿನ ಅಪ್‌ಡೇಟ್‌ನಲ್ಲಿ ಆ್ಯಪ್ ಅಳಿಸುವ ಫೈಲ್‌ಗಳೂ ಕನಿಷ್ಠ 30 ದಿನ ರಿಸೈಕಲ್ ಬಿನ್‌ನಲ್ಲಿ ಉಳಿಯಬೇಕು. ಫೋನಿನಿಂದ ಒಮ್ಮೆಲೇ ನೂರಾರು ಫೈಲ್‌ಗಳು ಮಾಯವಾದರೆ ಸಾಧನ ತಡೆದು, ಕೇಳಿ, ನಂತರವೇ ಮುಂದುವರಿಯಬೇಕು. ಯುಎಸ್‌ಬಿ ಬ್ಯಾಕಪ್‌ನಲ್ಲಿ ಅಳಿಸುವ ಆಯ್ಕೆ ತಾನಾಗಿ ಗುರುತಾಗಿರಬಾರದು.

ಮೊದಲ ಇಮೇಲ್‌ನಂತಹ ಸಿದ್ಧ ಉತ್ತರವನ್ನು ಮತ್ತೆ ಕಳುಹಿಸಬೇಡಿ. ತಂತ್ರಜ್ಞರ ವರದಿ ಮತ್ತು ಸಾಧನದ ಲಾಗ್ ಎರಡನ್ನೂ ಇದರೊಂದಿಗೆ ಇಟ್ಟಿದ್ದೇನೆ. ಅವನ್ನು ಓದಬಲ್ಲ ಎಂಜಿನಿಯರ್ ಒಬ್ಬರಿಂದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ,
ನಿಮ್ಮ ಸಾಧನದ ಗ್ರಾಹಕರು