ಅಮ್ಮಾ, ಜೌಗಿನ ದಾರಿಗೆ ಹೆದರಬೇಡ

ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನ್ನ ಕಾಗದ ಬಂತು. ನಾನು ಇಲ್ಲಿ ಫ್ಲಾರಿಡಾದ ಬಿಗ್ ಸೈಪ್ರೆಸ್ ಅನ್ನೋ ಜೌಗು ಕಾಡಿನ ಕಡೆ ಕಾರು ಓಡಿಸ್ತೀನಿ ಅಂತ ಸುಮಾ ಹೇಳಿದ ಮೇಲೆ ನಿನಗೆ ಬಿ.ಪಿ. ಏರಿದೆ, ನಿದ್ದೆಯಿಲ್ಲ ಅಂತ ಬರೆದಿದ್ದೀಯ. ಕಾರು ಕೆಸರಲ್ಲಿ ಮುಳುಗುತ್ತೆ ಅಂತ ಯಾರಮ್ಮ ನಿನ್ನ ತಲೆಗೆ ತುಂಬಿದ್ದು?

ಆ ಕಾಡಿನೊಳಗೆ ಹೋಗೋ ಲೂಪ್ ರೋಡ್ 24 ಮೈಲಿ. ಪೂರ್ವದ ಕಡೆ ಡಾಂಬರು, ಉಳಿದದ್ದು ಸುಣ್ಣಕಲ್ಲಿನ ಜಲ್ಲಿ. ಮಳೆಯಿಲ್ಲದ ತಿಂಗಳುಗಳಲ್ಲಿ ಮಾಮೂಲಿ ಕಾರೇ ಸಾಕು. ಕಷ್ಟ ಇರೋದು ಅಂಚಲ್ಲಿ. ಹುಲ್ಲು ನೋಡಿ ಗಟ್ಟಿ ನೆಲ ಅಂತ ಚಕ್ರ ಇಳಿಸಿದರೆ ಕೆಳಗೆ ಮೆತ್ತನೆ ಮಣ್ಣು, ಒಂದೇ ಕಡೆಗೆ ವಾಲಿಬಿಡುತ್ತೆ. ಎದುರಿಗೆ ಗಾಡಿ ಬಂದರೆ ಅಗಲ ಜಾಗದವರೆಗೆ ರಿವರ್ಸ್ ಹೋಗಬೇಕು, ಅಂಚಿಗೆ ಸರಿಯಬಾರದು.

ಇನ್ನು ಗುಂಡಿಗಳು. ಸುಣ್ಣಕಲ್ಲಿನ ಪುಡಿ ಕಲಸಿ ನೀರು ಹಾಲಿನ ಹಾಗೆ ಬೆಳ್ಳಗಿರುತ್ತೆ, ಆಳ ತಿಳಿಯಲ್ಲ. ಗಂಟೆಗೆ 15 ಮೈಲಿಯಲ್ಲೇ ಹೋಗಬೇಕು. ಗುಂಡಿಗೆ ಮುಂಚೆಯೇ ಬ್ರೇಕ್ ಹಿಡಿದು, ಇಳಿಯುವಾಗ ಬಿಟ್ಟುಬಿಡಬೇಕು. ಒಳಗೆ ಒತ್ತಿದರೆ ಮುಂದಿನ ಸಸ್ಪೆನ್ಷನ್ ಮೊದಲೇ ಕುಗ್ಗಿರುತ್ತೆ, ಪೆಟ್ಟು ನೇರ ರಿಮ್ಮಿಗೆ. ನೀರು ದಾಟಿದ ಮೇಲೆ ಎರಡು ಮೂರು ಸಲ ಮೆಲ್ಲಗೆ ಒತ್ತಿ ಬ್ರೇಕ್ ಒಣಗಿಸಬೇಕು. ರಸ್ತೆ ಮೇಲೆ ನೀರು ಹರಿಯುತ್ತಿದ್ದರೆ ವಾಪಸು ತಿರುಗೋದೇ. ಅರ್ಧ ಅಡಿ ನೀರು ಸಾಕು, ಕಾರಿನ ತಳ ಮುಟ್ಟುತ್ತೆ, ಹಿಡಿತ ತಪ್ಪುತ್ತೆ. ಇಲ್ಲಿ ಮಳೆಗಾಲ ಮೇನಿಂದ ಅಕ್ಟೋಬರ್‌ವರೆಗೆ, ಆಗ ಆ ಕಡೆ ತಲೆಯೇ ಹಾಕಬಾರದು.

ದಾರಿಯಲ್ಲಿ ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ. ಟ್ಯಾಂಕ್ ತುಂಬಿಸಿ, ಎಷ್ಟು ಹೊತ್ತಿಗೆ ವಾಪಸು ಅಂತ ಮನೆಯಲ್ಲಿ ಹೇಳಿಯೇ ಹೊರಡೋದು. ಸ್ಟೆಪ್ನಿಗೆ ಗಾಳಿ ನೋಡಿಕೊಂಡು, ಜಾಕಿನ ಅಡಿಗೆ ಇಡೋಕೆ ಒಂದು ದಪ್ಪ ಹಲಗೆಯೂ ಬೇಕು, ಇಲ್ಲದಿದ್ದರೆ ಕಾರು ಏಳಲ್ಲ, ಜಾಕೇ ನೆಲಕ್ಕೆ ಇಳಿಯುತ್ತೆ.

ಮೊಸಳೆ ಅಂದೆಯಲ್ಲ, ಇಲ್ಲಿರೋದು ಹೆಚ್ಚಾಗಿ ಆಲಿಗೇಟರ್, ಮೊಸಳೆಯ ಬಳಗದ್ದೇ. ಚಳಿಗಾಲದ ಬೆಳಿಗ್ಗೆ ಬಿಸಿಲು ಕಾಯಿಸೋಕೆ ರಸ್ತೆಯಲ್ಲೇ ಮಲಗುತ್ತೆ. ಕಾರಿಂದ ಇಳಿಯದೆ ಕಾದರೆ ತಾನೇ ಹೋಗುತ್ತೆ. ಅದಕ್ಕೆ ತಿಂಡಿ ಹಾಕೋದು ಇಲ್ಲಿ ಅಪರಾಧ, ಯಾಕಂದರೆ ಒಮ್ಮೆ ತಿಂದರೆ ಮನುಷ್ಯರ ಭಯ ಬಿಡುತ್ತೆ. ಪಕ್ಕದ ಹೆದ್ದಾರಿಯಲ್ಲಂತೂ ಪ್ಯಾಂಥರ್ (ಇಲ್ಲಿನ ಪ್ಯೂಮಾ, ಚಿರತೆಯಂಥ ಪ್ರಾಣಿ) ದಾಟುವ ಜಾಗದಲ್ಲಿ ರಾತ್ರಿ ವೇಗವನ್ನೇ ಕಮ್ಮಿ ಮಾಡಿದ್ದಾರೆ. ಪ್ರಾಣಿಗೆ ಇಷ್ಟು ಮರ್ಯಾದೆ ಕೊಡುವ ಜನ ಅಮ್ಮ ಇವರು.

ಹಾಗಾಗಿ ಏನೂ ಭಯ ಇಲ್ಲ, ಖಂಡಿತ ಇಲ್ಲ. ನೀನು ಮಾತ್ರೆ ತಪ್ಪಿಸಬೇಡ. ಉಪ್ಪಿನಕಾಯಿ ಮುಟ್ಟಬೇಡ. ಈ ವಾರವೇ ಡಾಕ್ಟರ ಹತ್ತಿರ ಬಿ.ಪಿ. ನೋಡಿಸಿ, ಮೇಲಿನದು ಕೆಳಗಿನದು ಎರಡೂ ಅಂಕಿ ಸುಮಾ ಕೈಲಿ ಬರೆಸಿ ಕಳಿಸು. ಅಪ್ಪನಿಗೆ ನಮಸ್ಕಾರ ತಿಳಿಸು. ಅಂಚೆ ಹೊತ್ತಾಯ್ತು, ಮುಗಿಸ್ತೀನಿ.

ನಿನ್ನ ಮಗ,
ರಘು