ಭಾನುವಾರದ ಭೇಟಿ: ಒಂದು ಪುಟ ಬರೆದು ತನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 8 ಗಂಟೆಗೆ ಲಾಲ್‌ಬಾಗ್ ಗಾಜಿನ ಮನೆ ಹತ್ತಿರ ಸೇರೋಣ. ಲ್ಯಾಬ್ ಬಿಟ್ಟು ಬರವಣಿಗೆಗೆ ಬಂದವರು, ಬರಬೇಕು ಅಂತಿರುವವರು ಎಲ್ಲರೂ ಬನ್ನಿ. ಹೊಸದಾಗಿ ಸೇರಿದವರು ದಯವಿಟ್ಟು ತಪ್ಪಿಸಬೇಡಿ.

ಬರುವಾಗ ಒಂದು ಪುಟ ಬರೆದು ತನ್ನಿ, ಕೈಬರಹವಾದರೂ ಸರಿ. ವಿಷಯ: ನಿಮ್ಮ ಪ್ರಯೋಗ ಕೆಟ್ಟುಹೋದ ಒಂದು ದಿನ. ‘ಮಾದರಿಯನ್ನು ಪರೀಕ್ಷಿಸಲಾಯಿತು’ ಅನ್ನುವಂಥ ವಾಕ್ಯ ಬೇಡ. ಯಾರು ಪರೀಕ್ಷಿಸಿದರು? ಪಕ್ಕದಲ್ಲಿ ಯಾರಿದ್ದರು? ಹೊರಗೆ ಮಳೆ ಬರ್ತಿತ್ತಾ? ಅದೆಲ್ಲ ಬರಲಿ. ನಾನು 12 ವರ್ಷ ವರದಿ ಬರೆದವಳು. ನನ್ನ ಮೊದಲ ಕಥೆಯಲ್ಲಿ ಮನುಷ್ಯರೇ ಇರಲಿಲ್ಲ. ಆ ರೂಢಿ ಬಿಡಲು ತುಂಬಾ ದಿನ ಬೇಕಾಯಿತು. ಆದರೆ ಸೂಕ್ಷ್ಮವಾಗಿ ನೋಡುವ ಅಭ್ಯಾಸ ಮಾತ್ರ ಬಿಡಬೇಡಿ, ಅದು ನಮ್ಮ ಆಸ್ತಿ.

ಬಿ.ಜಿ.ಎಲ್. ಸ್ವಾಮಿ ಅವರನ್ನೇ ನೋಡಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ್ದನ್ನೇ ‘ಹಸುರು ಹೊನ್ನು’ ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡದ ಗುರುತೂ ಇದೆ, ಹುಡುಗರ ನಗುವೂ ಇದೆ. ಸಾಧ್ಯವಾದರೆ ಅದರ ನಾಲ್ಕು ಪುಟ ಓದಿಕೊಂಡು ಬನ್ನಿ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ಕಾದಂಬರಿಗೆ ಬಂದದ್ದೂ ಗೊತ್ತಲ್ವಾ?

ಒಂದು ಎಚ್ಚರಿಕೆ: ಪ್ರಕಟವಾಗದ ಡೇಟಾ, ಸಹೋದ್ಯೋಗಿಗಳ ಹೆಸರು ಬರಹದಲ್ಲಿ ಬೇಡ.

ಕೆಲಸ ಬಿಡುವ ಯೋಚನೆಯಲ್ಲಿ ಇರುವವರು ರಾಜೀನಾಮೆ ಕೊಡುವ ಮುಂಚೆ ನನಗೊಂದು ಫೋನ್ ಮಾಡಿ. ಮನೆ ಖರ್ಚಿನ ಲೆಕ್ಕ ಒಟ್ಟಿಗೆ ಕೂತು ಹಾಕೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಬರಲಾಗದವರು ಪುಟದ ಫೋಟೊ ಕಳಿಸಿ, ನಾನೇ ಓದಿ ಹೇಳ್ತೀನಿ.