ಒತ್ತಡ ಎಷ್ಟೆಂಬುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

‘ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸೂಪರ್‌ಕಂಡಕ್ಟರ್ ಅಥವಾ ಅತಿವಾಹಕ ಎಂದರೆ ತುಸುವೂ ತಡೆಯಿಲ್ಲದೆ ವಿದ್ಯುತ್ ಹರಿಯಬಿಡುವ ವಸ್ತು; ಸಾಮಾನ್ಯವಾಗಿ ಅದನ್ನು ಬಹಳ ತಣಿಸಬೇಕಾಗುತ್ತದೆ. ಎಷ್ಟು ಒತ್ತಡದಲ್ಲಿ ಎಂಬುದು ಮಾತ್ರ ಸುದ್ದಿ ಮುಗಿದರೂ ಸಿಗುವುದಿಲ್ಲ. ಮೂವತ್ತು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟ ನನಗೆ ಇದು ನೋವಿನ ಸಂಗತಿ.

2015ರಲ್ಲಿ ಜರ್ಮನಿಯ ಮೈನ್ಜ್‌ನ ಮಿಖಾಯಿಲ್ ಎರೆಮೆಟ್ಸ್ ತಂಡ, ಗಂಧಕ ಮತ್ತು ಜಲಜನಕದ ಸಂಯುಕ್ತವೊಂದು ಮೈನಸ್ 70 ಡಿಗ್ರಿಯಲ್ಲೇ ಅತಿವಾಹಕವಾಗುವುದನ್ನು ತೋರಿಸಿತು. ದೊಡ್ಡ ಸಾಧನೆಯೇ. ಆದರೆ ಅದಕ್ಕೆ ಬೇಕಾದ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 15 ಲಕ್ಷ ಪಟ್ಟು; ಭೂಮಿಯೊಳಗೆ ಕಬ್ಬಿಣ ಕರಗಿ ನಿಂತಿರುವ ಆಳದಲ್ಲಿ ಇರುವಂಥದ್ದು. ಎರಡು ವಜ್ರದ ಮೊನೆಗಳ ನಡುವೆ ಕಣ್ಣಿಗೆ ಕಂಡೂ ಕಾಣದಷ್ಟು ಚೂರನ್ನಿಟ್ಟು ಅದುಮಬೇಕು. ಅದರಿಂದ ವಿದ್ಯುತ್ ತಂತಿ ಎಳೆಯುವ ಮಾತೇ ಇಲ್ಲ. 2020 ಮತ್ತು 2023ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಬಂದ, ಕೋಣೆಯ ಉಷ್ಣತೆಯ ಅತಿವಾಹಕದ ಎರಡು ಪ್ರಬಂಧಗಳನ್ನು ಆಮೇಲೆ ಹಿಂತೆಗೆದುಕೊಳ್ಳಲಾಯಿತು. ಮೊದಲ ಸುದ್ದಿ ಓದಿದ್ದ ನನ್ನ ಎಷ್ಟೋ ಹಳೆಯ ವಿದ್ಯಾರ್ಥಿಗಳಿಗೆ ಅದು ಇಂದಿಗೂ ಗೊತ್ತಿಲ್ಲ.

ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯ ಕಾಪಿಡಲು ತರಿಸುವ ದ್ರವ ಸಾರಜನಕವನ್ನೇ ಒಂದಿಷ್ಟು ಕೇಳಿ ತಂದು ನಾನು ತರಗತಿಯಲ್ಲಿ ಪ್ರಯೋಗ ಮಾಡುತ್ತಿದ್ದೆ. ಥರ್ಮೋಕೋಲ್ ಬಟ್ಟಲಲ್ಲಿ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಕಪ್ಪು ಬಿಲ್ಲೆ; ದ್ರವ ಸಾರಜನಕದಲ್ಲಿ ತಣಿದರೆ ಇದು ಅತಿವಾಹಕವಾಗುತ್ತದೆ. ಅದರ ಮೇಲೆ ಗಾಳಿಯಲ್ಲಿ ತೇಲುವ ಪುಟ್ಟ ಅಯಸ್ಕಾಂತ. ಸಾರಜನಕ ಆವಿಯಾಗಿ ಮುಗಿದಂತೆ ಅಯಸ್ಕಾಂತ ಮೆಲ್ಲಗೆ ಇಳಿದು ಬಿಲ್ಲೆಯ ಮೇಲೆ ಕೂರುತ್ತಿತ್ತು. ಒಮ್ಮೆ ಒಬ್ಬ ಹುಡುಗಿ, ‘ಸಾರ್, ಅಯಸ್ಕಾಂತದ ಬಲ ಹೆಚ್ಚಿಸುತ್ತಾ ಹೋದರೆ?’ ಎಂದಳು. ‘ಮಿತಿ ಮೀರಿದರೆ ಅತಿವಾಹಕತೆಯೇ ಸತ್ತುಹೋಗುತ್ತದಮ್ಮ’ ಎಂದಿದ್ದೆ.

ಆ ಉತ್ತರ ಈಗ ಅರ್ಧ ಮಾತ್ರ ಸರಿ. ಯುರೇನಿಯಂ ಡೈಟೆಲ್ಯುರೈಡ್ ಎಂಬ ಹರಳನ್ನು ನಿರಪೇಕ್ಷ ಶೂನ್ಯದ (ಅದಕ್ಕಿಂತ ಕೆಳಗಿನ ಉಷ್ಣತೆಯೇ ಇಲ್ಲ) ಹತ್ತಿರಕ್ಕೆ ತಣಿಸಿ, ಒಂದು ನಿರ್ದಿಷ್ಟ ಓರೆಯಲ್ಲಿ ಕಾಂತಕ್ಷೇತ್ರ ಹಾಯಿಸಿದಾಗ ಅತಿವಾಹಕತೆ ಮೊದಲು ಅಳಿಯುತ್ತದೆ, 40 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ದಾಟಿದ ಮೇಲೆ ಮತ್ತೆ ಹುಟ್ಟುತ್ತದೆ! ಇದು ಪ್ರಕಟವಾದದ್ದು 2019ರಲ್ಲಿ. ಆಸ್ಪತ್ರೆಯ ಎಂಆರ್‌ಐ ಯಂತ್ರದ್ದು ಸಾಮಾನ್ಯವಾಗಿ ಒಂದೂವರೆ ಅಥವಾ 3 ಟೆಸ್ಲಾ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ಸಾಗುತ್ತವೆ; ಸಾಧಾರಣ ಅತಿವಾಹಕದಲ್ಲಿ ಆ ಜೋಡಿಯ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತದಂತಾಗಿಸುವ ಗುಣ) ಒಂದಕ್ಕೊಂದು ವಿರುದ್ಧ. ಇಲ್ಲಿ ಎರಡೂ ಒಂದೇ ದಿಕ್ಕಿಗಿರಬಹುದು, ಅದಕ್ಕೇ ಕಾಂತಕ್ಷೇತ್ರಕ್ಕೆ ಜಗ್ಗುವುದಿಲ್ಲ ಎಂದು ತಜ್ಞರ ಊಹೆ. ಇಂಥ ಬೆರಗಿನ ಸುದ್ದಿ ಕನ್ನಡದಲ್ಲಿ ನನಗೆ ಓದಲು ಸಿಗಲಿಲ್ಲ.

ದಯವಿಟ್ಟು ಅತಿವಾಹಕದ ಸುದ್ದಿ ಬಂದಾಗಲೆಲ್ಲ ಉಷ್ಣತೆ, ಒತ್ತಡ, ಕಾಂತಕ್ಷೇತ್ರ ಮೂರನ್ನೂ ಮೊದಲ ಪ್ಯಾರಾದಲ್ಲೇ ಕೊಡಿ. ಪ್ರಬಂಧ ಹಿಂತೆಗೆದರೆ, ಮೊದಲ ಸುದ್ದಿ ಹಾಕಿದ ಪುಟದಲ್ಲೇ ಅದನ್ನೂ ಹಾಕಿ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಶಿವಮೊಗ್ಗ